ವಾಲಿಯ ಪ್ರಶ್ನೆ, ಗೇಣಿಯ ಗದ್ದೆ

ಪದವಿ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲ ದಿನ ಪುಸ್ತಕದ ಹೆಸರು ಹೇಳುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ: ರಾಮ ಮರೆಯಲ್ಲಿ ನಿಂತು ವಾಲಿಗೆ ಬಾಣ ಬಿಟ್ಟದ್ದು ಸರಿಯೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಕ್ಕಳಿಗೆ ಈ ಪ್ರಶ್ನೆಗೆ ಪೀಠಿಕೆ ಬೇಡ. ದೇವಸ್ಥಾನದ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯನ್ನು ಒಂದು ಸಲವಾದರೂ ಅಜ್ಜನ ಪಕ್ಕ ಕೂತು ಕೇಳಿದವರು ಅವರಲ್ಲಿ ಇದ್ದೇ ಇರುತ್ತಾರೆ. ಐದು ನಿಮಿಷದಲ್ಲಿ ತರಗತಿ ಎರಡಾಗುತ್ತದೆ. ವಾಲಿ ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ಶಿಕ್ಷೆ ಆಗಬೇಕಿತ್ತು ಎನ್ನುತ್ತದೆ ಒಂದು ಕಡೆ. ಶಿಕ್ಷೆ ಕೊಡುವವನು ಎದುರು ಬರಬೇಕಿತ್ತು ಎನ್ನುತ್ತದೆ ಇನ್ನೊಂದು. ಹಿಂದಿನ ಬೆಂಚಿನಿಂದ ಯಾರೋ ಒಬ್ಬರು, "ಸುಗ್ರೀವನಿಗೆ ಮಾತು ಕೊಟ್ಟಾಗಿತ್ತಲ್ಲ ಸರ್" ಎನ್ನುತ್ತಾರೆ. ಮತ್ತೊಬ್ಬರು ಎದ್ದು, "ಕಿಷ್ಕಿಂಧೆ ವಾಲಿಯದ್ದು. ಅಲ್ಲಿ ಶಿಕ್ಷೆ ಕೊಡುವುದಕ್ಕೆ ಅಯೋಧ್ಯೆಯವನಿಗೆ ಏನು ಅಧಿಕಾರ?" ಎಂದು ಕೇಳುತ್ತಾರೆ.

ನೀತಿಶಾಸ್ತ್ರ, ರಾಜಕೀಯ ತತ್ತ್ವಶಾಸ್ತ್ರಗಳನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವುದಕ್ಕೆ ಬೇಕಾದ ಬಂಡವಾಳ ಇಷ್ಟರಲ್ಲೇ ಬಂದಾಯಿತು. ಮಾಡಿದ್ದು ಸರಿಯೇ ತಪ್ಪೇ ಎನ್ನುವುದು ನೀತಿಯ ಪ್ರಶ್ನೆ. ಕೊಟ್ಟ ಮಾತು ಬೇರೆಯವನ ಪ್ರಾಣಕ್ಕಿಂತ ದೊಡ್ಡದೇ ಎನ್ನುವುದೂ ನೀತಿಯದ್ದೇ. ಆದರೆ ಶಿಕ್ಷಿಸುವ ಅಧಿಕಾರ ಯಾರಿಗೆ, ಅದು ಎಲ್ಲಿಂದ ಬಂತು, ಎಲ್ಲಿಯವರೆಗೆ ನಡೆಯುತ್ತದೆ ಎಂದು ಕೇಳಿದ ಕ್ಷಣ ನಾವು ರಾಜಕೀಯ ತತ್ತ್ವಶಾಸ್ತ್ರದ ಗಡಿ ದಾಟಿರುತ್ತೇವೆ. ವಾಲ್ಮೀಕಿಯ ರಾಮ ಇದಕ್ಕೆ ಉತ್ತರ ಕೊಡುತ್ತಾನೆ: ಈ ಭೂಮಿ ಇಕ್ಷ್ವಾಕುಗಳದ್ದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ಧರ್ಮವನ್ನು ಕಾಯುವುದು ನನ್ನ ಕೆಲಸ ಎಂದು. ಆ ಉತ್ತರ ಸಾಕೇ? ಒಂದು ನೆಲದ ಮೇಲೆ ತನಗೆ ಅಧಿಕಾರ ಉಂಟೆಂದು ಒಂದು ರಾಜ್ಯ ಹೇಳಿಕೊಂಡ ಮಾತ್ರಕ್ಕೆ ಆ ನೆಲದವರು ತಲೆಬಾಗಬೇಕೇ? ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಮತ್ತು ಲಾಕ್ ತಲೆ ಕೆಡಿಸಿಕೊಂಡದ್ದು ಇಂಥದೇ ಪ್ರಶ್ನೆಗೆ.

ತಾಳಮದ್ದಳೆಯಿಂದ ಇನ್ನೂ ಒಂದು ಸಂಗತಿ ಕಲಿಯಬೇಕು, ಅದು ನನಗೆ ಬಹಳ ಮುಖ್ಯ. ಮಾತಿನಲ್ಲೇ ಪಾತ್ರ ಕಟ್ಟುವ ಒಬ್ಬ ಒಳ್ಳೆಯ ಅರ್ಥಧಾರಿ ಇವತ್ತು ವಾಲಿಯಾಗಿ ಕೂರುತ್ತಾನೆ, ಮುಂದಿನ ವಾರ ಅದೇ ಪ್ರಸಂಗದಲ್ಲಿ ರಾಮನಾಗುತ್ತಾನೆ. ಎರಡು ಕಡೆಯೂ ಅವನು ಸೋಲಲು ಕೂತವನಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರನ್ನು ವಿಚಾರಿಸಿ ನೋಡಿ. ಕಥೆಯಲ್ಲಿ ಸಾಯುವವನ ಬಾಯಿಯಲ್ಲಿ ಎಂಥ ಬಲವಾದ ವಾದ ಇರಬಹುದು ಎನ್ನುವುದು ಅವರಿಗೆ ಗೊತ್ತು. ಎದುರು ಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಹೇಳುವುದು, ಆಮೇಲೆ ಉತ್ತರಿಸುವುದು. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ, ಸಿದ್ಧಾಂತ ಎನ್ನುವ ಕ್ರಮವೂ ಇದೇ. ಈ ಮೂರು ವರ್ಷದಲ್ಲಿ ನಾನು ನಿಮಗೆ ಬೇರೆ ಏನನ್ನೂ ಕಲಿಸದಿದ್ದರೂ ಇದೊಂದನ್ನು ಕಲಿಸಬೇಕು ಎಂದುಕೊಂಡಿದ್ದೇನೆ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ನೀತಿಶಾಸ್ತ್ರ ಎಂದರೆ ನೀತಿಪಾಠ ಅಲ್ಲ. ಸತ್ಯ ಹೇಳು, ಹಿರಿಯರಿಗೆ ಗೌರವ ಕೊಡು ಎನ್ನುವುದನ್ನು ಮನೆಯಲ್ಲೇ ಕಲಿತು ಬಂದಿದ್ದೀರಿ. ಇಲ್ಲಿ ಕೇಳುವುದು, ಸತ್ಯವನ್ನು ಯಾಕೆ ಹೇಳಬೇಕು, ಯಾವಾಗಲಾದರೂ ಹೇಳದಿರಬಹುದೇ, ಹೇಳದಿದ್ದರೆ ಯಾರಿಗೆ ಅನ್ಯಾಯವಾಯಿತು ಎಂದು. ಕಾರಣ ಕೊಡುವ ಕೆಲಸ ಇದು. "ನಮ್ಮಲ್ಲಿ ಹಾಗೇ ನಡೆದು ಬಂದಿದೆ" ಎನ್ನುವುದು ಒಂದು ಸಂಗತಿ. ಕಾರಣ ಅಲ್ಲ.

ಈ ವ್ಯತ್ಯಾಸ ನಮ್ಮ ಊರಿನಲ್ಲಿ ಬೇಲಿಯ ಆಚೆ ಈಚೆ ಕಾಣುತ್ತದೆ. ತುಳುನಾಡಿನ ಬಂಟರು, ಜೈನರು, ಬಿಲ್ಲವರು ಅಳಿಯಕಟ್ಟಿನವರು. ಆಸ್ತಿ ಮತ್ತು ಕುಟುಂಬದ ಹೆಸರು ತಾಯಿಯ ಕಡೆಯಿಂದ ಇಳಿದುಬರುತ್ತಿತ್ತು. ಪಕ್ಕದ ಬ್ರಾಹ್ಮಣರ ಮನೆ ಮಕ್ಕಳಕಟ್ಟು. ಅಲ್ಲಿ ಅಪ್ಪನ ಆಸ್ತಿ ಮಗನಿಗೆ ಹೋಗುತ್ತಿತ್ತು. ಒಂದೇ ಬೈಲಿನಲ್ಲಿ ಎರಡು ಕ್ರಮ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು. ಎರಡು ಕ್ರಮಗಳು ಇದ್ದವು ಎನ್ನುವುದು ಚರಿತ್ರೆ. ಯಾವುದು ನ್ಯಾಯ ಎನ್ನುವುದನ್ನು ಚರಿತ್ರೆಯಿಂದ ಇಳಿಸಿಕೊಳ್ಳಲು ಬರುವುದಿಲ್ಲ. 'ಇದೆ' ಎನ್ನುವ ವಾಕ್ಯದಿಂದ 'ಇರಬೇಕು' ಎನ್ನುವ ವಾಕ್ಯಕ್ಕೆ ಜಿಗಿಯುವವರು ನಡುವೆ ಒಂದು ಮೆಟ್ಟಿಲನ್ನು ಹಾರಿಸಿಬಿಡುತ್ತಾರೆ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1740ರಲ್ಲೇ ಎಚ್ಚರಿಸಿದ್ದ. ಅಳಿಯಕಟ್ಟಿನಲ್ಲಿ ಹೆಣ್ಣಿಗೆ ಮರ್ಯಾದೆ ಹೆಚ್ಚಿತ್ತು ಎನ್ನುತ್ತೀರಾದರೆ ಅದು ಒಂದು ಕಾರಣ. ಆಸ್ತಿ ಹೆಣ್ಣಿನ ಮೂಲಕ ಬಂದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು ಎಂದರೆ ಅದು ಮರುಕಾರಣ. ಹೀಗೆ ಮಾತಾಡತೊಡಗಿದರೆ ಶಾಸ್ತ್ರ ಶುರುವಾಯಿತು.

ಹಾಗಾದರೆ ಅವರವರ ಕ್ರಮ ಅವರವರಿಗೆ ಸರಿ ಎಂದು ಬಿಡಬಹುದಲ್ಲ? ಪ್ರತಿ ವರ್ಷ ಇದನ್ನು ಒಬ್ಬರಾದರೂ ಕೇಳುತ್ತಾರೆ, ಕೇಳುವವರ ಉದ್ದೇಶವೂ ಒಳ್ಳೆಯದೇ. ಆಗ ನಾನು ಅಜಲು ಪದ್ಧತಿಯ ಮಾತು ಎತ್ತುತ್ತೇನೆ. ಕೊರಗ ಸಮುದಾಯದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸುವುದು ನಮ್ಮ ಜಿಲ್ಲೆಯಲ್ಲಿ 'ನಡೆದು ಬಂದ ಕ್ರಮ'ವೇ ಆಗಿತ್ತು. ಕರ್ನಾಟಕ ಸರಕಾರ ಅದನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಅಷ್ಟು ತಡವಾಗಿ. ಆ ಕ್ರಮ ಉಳಿದವರಿಗೆ ಸರಿ ಕಂಡಿತ್ತು ಎನ್ನುವುದರಿಂದ ಅದು ಸರಿಯಾಗಲಿಲ್ಲ. ತಟ್ಟೆಯ ಮುಂದೆ ಕೂತವರನ್ನು ಯಾರೂ ಕೇಳಿರಲಿಲ್ಲ. ಇದನ್ನು ಹೇಳುವಾಗ ತರಗತಿ ಮೌನವಾಗುತ್ತದೆ. ಆ ಮೌನವನ್ನು ನಾನು ಬೇಗ ಮುರಿಯುವುದಿಲ್ಲ.

ಮೂಡುಬಿದಿರೆಯ ಮಕ್ಕಳು ಇಲ್ಲಿ ಅನೇಕಾಂತವಾದವನ್ನು ತರುತ್ತಾರೆ. ಜೈನರ ಊರು, ಹದಿನೆಂಟು ಬಸದಿಗಳ ಊರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಎದುರೇ ಬಸ್ಸಿಗೆ ಹೋಗಿ ಬರುವವರು. ಎಲ್ಲರ ಮಾತೂ ಸತ್ಯ ಎಂದು ಅನೇಕಾಂತ ಹೇಳುತ್ತದಲ್ಲ ಎಂದು ಕೇಳುತ್ತಾರೆ. ಇಲ್ಲ, ಹಾಗೆ ಹೇಳುವುದಿಲ್ಲ. ಒಂದು ವಸ್ತುವಿಗೆ ಹಲವು ಮುಖಗಳಿವೆ, ನಿಮ್ಮ ಹೇಳಿಕೆ ಯಾವ ಮುಖದ ಮೇಲೆ ನಿಂತಿದೆ ಎಂದು ತಿಳಿಸಿ ಹೇಳಿ ಎನ್ನುತ್ತದೆ ಅದು. ಮಣ್ಣಿನ ದೃಷ್ಟಿಯಿಂದ ಮಡಕೆ ಒಡೆದ ಮೇಲೂ ಉಳಿದಿದೆ, ಮಡಕೆಯ ರೂಪದ ದೃಷ್ಟಿಯಿಂದ ಇಲ್ಲ. ಎರಡೂ ನಿಜ, ಯಾಕೆಂದರೆ ಎರಡೂ ತಮ್ಮ ದೃಷ್ಟಿ ಯಾವುದೆಂದು ಹೇಳಿವೆ. ಅನೇಕಾಂತದ ವಾಕ್ಯಗಳಲ್ಲಿ ಬರುವ 'ಸ್ಯಾತ್' ಎನ್ನುವ ಶಬ್ದಕ್ಕೆ 'ಇರಬಹುದೋ ಏನೋ' ಎಂಬ ಅರ್ಥ ಹಚ್ಚಬೇಡಿ. 'ಇಂಥ ದೃಷ್ಟಿಯಿಂದ' ಎನ್ನುವುದು ಅದರ ಅರ್ಥ. ಅನೇಕಾಂತ ಹೇಳುವ ಜೈನ ಆಚಾರ್ಯರೇ ಹಿಂಸೆ ತಪ್ಪು ಎನ್ನುವ ಮಾತಿನಲ್ಲಿ ಎಳ್ಳಷ್ಟೂ ಸಡಿಲ ಬಿಟ್ಟವರಲ್ಲ.

ಈಗ ಅದೇ ಮೂಡುಬಿದಿರೆಯ ಒಂದು ನಿಜವಾದ ಪ್ರಕರಣಕ್ಕೆ ಬರೋಣ. ನನ್ನ ಮಟ್ಟಿಗೆ ನೀತಿಶಾಸ್ತ್ರ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ದಿಗಂಬರ ಜೈನರ ಮೂಲ ಆಗಮ ಷಟ್ಖಂಡಾಗಮ. ಅದಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಟೀಕೆ ಧವಲಾ. ಸಂಸ್ಕೃತ ಬೆರೆತ ಪ್ರಾಕೃತ ಭಾಷೆ, ಹಳಗನ್ನಡ ಲಿಪಿ, ತಾಳೆಗರಿ. ಈ ಗ್ರಂಥ ಬೇರೆಲ್ಲೂ ಉಳಿಯಲಿಲ್ಲ, ಮೂಡುಬಿದಿರೆಯಲ್ಲಿ ಉಳಿಯಿತು. ದೂರದಿಂದ ಬಂದ ಯಾತ್ರಿಕರು ಓಲೆಗಳ ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದುವುದಕ್ಕೆ ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸೊಲ್ಲಾಪುರ, ಮುಂಬಯಿಯ ಜೈನ ಶ್ರೀಮಂತರು ಬಹಳ ಕೇಳಿಕೊಂಡ ಮೇಲೆ, ಓಲೆ ಶಿಥಿಲವಾಗುತ್ತಿದೆ ಎಂದು ಪ್ರತಿ ಮಾಡಿಸಲು ಒಪ್ಪಿಗೆ ಸಿಕ್ಕಿತು. ಒಂದು ಕರಾರು ಇತ್ತು: ಮಾಡಿಸಿದ ಪ್ರತಿಯು ಊರು ಬಿಟ್ಟು ಹೋಗಬಾರದು. ಪ್ರತಿ ಮಾಡಲು ಕೂತ ಪಂಡಿತರಲ್ಲಿ ಗಜಪತಿ ಉಪಾಧ್ಯಾಯರು ಒಬ್ಬರು. ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡರು. ಅದು ಉತ್ತರದ ಸಹಾರನಪುರದ ಒಬ್ಬ ಜೈನ ಶ್ರೀಮಂತರ ಕೈ ಸೇರಿತು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಲು ಕೂತವರೊಬ್ಬರು ತಮಗೊಂದು ಗುಟ್ಟಿನ ಪ್ರತಿ ಮಾಡಿಕೊಂಡರು. ಹಾಗೆ ಹರಡಿದ ಪ್ರತಿಗಳಿಂದ ಹೀರಾಲಾಲ್ ಜೈನ್ ಅವರು ಸಂಪಾದಿಸಿದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಆಮೇಲೆ ಮೂಡುಬಿದಿರೆಯವರೇ ಮೂಲ ಓಲೆಗಳೊಡನೆ ಪಾಠ ಹೋಲಿಸಲು ನೆರವಾದರು. ಹದಿನಾರು ಸಂಪುಟಗಳು ಬಂದವು.

ಗಜಪತಿ ಉಪಾಧ್ಯಾಯರು ಮಾಡಿದ್ದು ಸರಿಯೇ?

ಫಲ ನೋಡಿ ತೀರ್ಮಾನಿಸು ಎನ್ನುವವರಿದ್ದಾರೆ. ಬೆಂಥಮ್, ಮಿಲ್ ಎಂಬ ಇಂಗ್ಲಿಷರು ಕಟ್ಟಿದ ಉಪಯುಕ್ತತಾವಾದದ ಧಾಟಿ ಅದು. ಯಾರಿಗೆ ಕೆಟ್ಟದ್ದಾಯಿತು? ಓಲೆ ಕಳವಾಗಲಿಲ್ಲ, ಇದ್ದಲ್ಲೇ ಇದೆ. ಸಾವಿರ ವರ್ಷದ ವಿದ್ಯೆ ಲೋಕಕ್ಕೆ ಸಿಕ್ಕಿತು. ಲೆಕ್ಕ ಹಾಕಿದರೆ ಒಳ್ಳೆಯದರ ಪಾಲೇ ಹೆಚ್ಚು.

ಜರ್ಮನಿಯ ಕಾಂಟ್ ಈ ಲೆಕ್ಕಕ್ಕೆ ಕೂರುವುದಿಲ್ಲ. 1785ರ ತನ್ನ ಪುಸ್ತಕದಲ್ಲಿ ಅವನು ಹೇಳುವ ಪರೀಕ್ಷೆ ಇದು: ನೀನು ನಡೆಯುತ್ತಿರುವ ನಿಯಮವನ್ನು ಎಲ್ಲರೂ ಪಾಲಿಸಲಿ ಎಂದು ನೀನು ಬಯಸಬಲ್ಲೆಯಾ? ಪ್ರತಿ ಮಾಡುವ ಪ್ರತಿಯೊಬ್ಬನೂ ಗುಟ್ಟಿನಲ್ಲಿ ಇನ್ನೊಂದು ಇಟ್ಟುಕೊಳ್ಳುವುದೇ ನಿಯಮವಾದರೆ, ಯಾವ ಮಠವೂ ಯಾವ ಪಂಡಿತನಿಗೂ ಓಲೆ ಕೊಡುವುದಿಲ್ಲ. ನಂಬಿಕೆಯ ಮೇಲೆ ನಿಂತು ನಂಬಿಕೆಯನ್ನೇ ಕಡಿಯುವ ಕೆಲಸ ಅದು. ಕೊಟ್ಟವರನ್ನು ಬರೀ ಉಪಕರಣದಂತೆ ಬಳಸಿದ ಹಾಗಾಯಿತಲ್ಲ?

ಅರಿಸ್ಟಾಟಲನ ದಾರಿಯವರು ಕೇಳುವುದು ಇನ್ನೂ ಬೇರೆ. ಆ ಮನುಷ್ಯ ಎಂಥವನು? ವಿದ್ಯೆಯ ಮೇಲಿನ ಪ್ರೀತಿ ಅವನ ಕೈ ನಡೆಸಿತೇ, ಆಸೆ ನಡೆಸಿತೇ? ಗಂಡ ಹೆಂಡತಿ ಕೂತು ಗುಟ್ಟಾಗಿ ಬರೆದ ಸಾವಿರಾರು ಸಾಲುಗಳಲ್ಲಿ ಶ್ರದ್ಧೆಯೂ ಇತ್ತು, ವಂಚನೆಯೂ ಇತ್ತು ಎಂದರೆ ಅವೆರಡೂ ಒಂದೇ ಮನಸ್ಸಿನಲ್ಲಿ ಹೇಗೆ ಕೂಡಿಕೊಂಡವು?

ಓಲೆಗಳನ್ನು ಕಾಯ್ದ ಮೂಡುಬಿದಿರೆಯ ಮಠದ ಪಕ್ಷವನ್ನೂ ಅಷ್ಟೇ ಬಲವಾಗಿ ಹೇಳಬೇಕು. ಜ್ಞಾನವನ್ನು ಮುಚ್ಚಿಟ್ಟರು ಎಂದು ದೂರುವುದು ಸುಲಭ. ಆದರೆ ಹುಳ, ಮಳೆ, ಬೆಂಕಿ, ಯುದ್ಧಗಳ ನಡುವೆ ಶತಮಾನಗಳ ಕಾಲ ಅದನ್ನು ಉಳಿಸಿದವರು ಅವರು. ಆ ಕಟ್ಟುನಿಟ್ಟು ಇಲ್ಲದಿದ್ದರೆ ಗುಟ್ಟಾಗಿ ಪ್ರತಿ ಮಾಡಲಾದರೂ ಏನಿರುತ್ತಿತ್ತು? ಹಾಗಂತ, ಕಾಪಾಡಿದವನು ಒಡೆಯನಾಗುತ್ತಾನೆಯೇ, ಅಥವಾ ಮುಂದಿನವರಿಗಾಗಿ ಇಟ್ಟುಕೊಂಡ ಪಾಲಕನೇ? ನನ್ನ ಒಲವು ಪಾಲಕ ಎನ್ನುವ ಕಡೆಗೆ. ಪಾಲಕನಾದರೂ ಅವನಿಗೆ ಕೊಟ್ಟ ಮಾತು ಮಾತೇ ಎಂದೂ ನನಗೆ ಅನಿಸುತ್ತದೆ. ಹಾಗಾಗಿ ಈ ಪ್ರಕರಣದಲ್ಲಿ ನನ್ನ ತೀರ್ಪು ಇನ್ನೂ ಗಟ್ಟಿಯಾಗಿಲ್ಲ. ವಿದ್ಯಾರ್ಥಿಗಳ ಮುಂದೆ ಅದನ್ನು ಹೇಳಲು ನನಗೆ ಸಂಕೋಚವಿಲ್ಲ.

'ನಮ್ಮದು' ಎಂದರೇನು ಎನ್ನುವ ಈ ಪ್ರಶ್ನೆ ಓಲೆಯಿಂದ ಗದ್ದೆಗೆ ಇಳಿದಾಗ ರಾಜಕೀಯ ತತ್ತ್ವಶಾಸ್ತ್ರದ ತಿರುಳಿಗೆ ಬಂದೆವು. ನಿಮ್ಮ ಮನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಕಾಗದಗಳಿರುತ್ತವೆ. ಅಜ್ಜ 'ಡಿಕ್ಲರೇಶನ್' ಎನ್ನುತ್ತಿದ್ದ ಕಾಗದ. ಅದನ್ನು ಒಮ್ಮೆ ಬಿಡಿಸಿ ನೋಡಿ.

ದಕ್ಷಿಣ ಕನ್ನಡದಲ್ಲಿ ಗದ್ದೆ ಒಬ್ಬರದ್ದು, ದುಡಿಮೆ ಇನ್ನೊಬ್ಬರದ್ದು ಆಗಿದ್ದ ಕಾಲ ಬಹಳ ಉದ್ದದ್ದು. ಒಕ್ಕಲು ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧಣಿಗಳ ಮನೆಗೆ ಗೇಣಿ ಹೊರಬೇಕಿತ್ತು. ಮೂಲಗೇಣಿಯಾದರೆ ಗೊತ್ತಾದ ಗೇಣಿ ಕೊಡುತ್ತಿದ್ದಷ್ಟು ಕಾಲ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನಿಗೆ ಆ ಧೈರ್ಯವಿರಲಿಲ್ಲ. ಮುಂದಿನ ವರ್ಷ ಇದೇ ಬೈಲಿನಲ್ಲಿ ಇರುತ್ತೇನೋ ಇಲ್ಲವೋ ಎನ್ನುವ ಹೆದರಿಕೆಯಲ್ಲೇ ಬಿತ್ತುತ್ತಿದ್ದ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿಗೆ ಕೊಟ್ಟ ಭೂಮಿ ಸರಕಾರದ ವಶವಾಯಿತು. ಒಕ್ಕಲು ಫಾರಂ ನಂಬ್ರ 7ರಲ್ಲಿ ಅರ್ಜಿ ಹಾಕಿ (ಅಜ್ಜ ಹೇಳುತ್ತಿದ್ದ ಡಿಕ್ಲರೇಶನ್ ಇದೇ), ಭೂನ್ಯಾಯ ಮಂಡಳಿ ಒಪ್ಪಿದರೆ ಒಡೆತನ ಅವನಿಗೆ. ಉಳುವವನೇ ಹೊಲದೊಡೆಯ ಎಂಬ ಘೋಷಣೆ ನಮ್ಮ ಬೈಲುಗಳಲ್ಲಿ ನಿಜವಾಗಿಯೂ ನಡೆದು ತೋರಿತು.

ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬಳ ಅಜ್ಜ ಡಿಕ್ಲರೇಶನ್ ಹಾಕಿ ಗದ್ದೆ ಪಡೆದವರು, ಅದನ್ನು ಅಡಿಕೆ ತೋಟ ಮಾಡಿ ಮಕ್ಕಳನ್ನು ಓದಿಸಿದವರು. ಇನ್ನೊಬ್ಬನ ಅಜ್ಜಿ ವಿಧವೆ. ಉಳಲು ಗಂಡುದಿಕ್ಕಿಲ್ಲವೆಂದು ಇದ್ದ ಒಂದೇ ಗದ್ದೆಯನ್ನು ಗೇಣಿಗೆ ಕೊಟ್ಟು, ಅದನ್ನೇ ಕಳಕೊಂಡವರು. ಇಬ್ಬರೂ ತಮ್ಮ ಮನೆಯಲ್ಲಿ ಕೇಳಿದ ಕಥೆಯನ್ನು ಹೇಳಿದರು. ಇಬ್ಬರದ್ದೂ ಸುಳ್ಳಲ್ಲ.

ಇಂಥ ಕಡೆ ಸಿದ್ಧಾಂತ ಯಾಕೆ ಬೇಕು ಎಂದು ಗೊತ್ತಾಗುತ್ತದೆ. ಲಾಕ್ ಹೇಳುವಂತೆ ಭೂಮಿಗೆ ತನ್ನ ದುಡಿಮೆ ಬೆರೆಸಿದವನು ಅದನ್ನು ತನ್ನದಾಗಿಸಿಕೊಳ್ಳುತ್ತಾನೆ. ಒಕ್ಕಲಿನ ಪಕ್ಷಕ್ಕೆ ಇದು ದೊಡ್ಡ ಬಲ. ಅಮೆರಿಕದ ರಾಬರ್ಟ್ ನೊಜಿಕ್ ಇದಕ್ಕೆ ಒಪ್ಪುವವನಲ್ಲ. ಅವನ ಪುಸ್ತಕ ಬಂದದ್ದೂ ಅದೇ 1974ರಲ್ಲಿ. ನ್ಯಾಯವಾಗಿ ಸಂಪಾದಿಸಿದ್ದನ್ನು, ನ್ಯಾಯವಾಗಿ ಕೈ ಬದಲಾದದ್ದನ್ನು ಸರಕಾರ ಕಿತ್ತುಕೊಂಡು ಹಂಚಬಾರದು ಎನ್ನುತ್ತಾನೆ. ಕಳಕೊಂಡ ಮನೆಯವರಿಗೆ ಇದು ಹಿತವಾಗಿ ಕೇಳುತ್ತದೆ. ಆದರೆ ನೊಜಿಕ್‌ನನ್ನು ಅರ್ಧಕ್ಕೆ ಓದಿ ನಿಲ್ಲಿಸಬೇಡಿ. ಮೊದಲ ಸಂಪಾದನೆಯೇ ಅನ್ಯಾಯದ್ದಾಗಿದ್ದರೆ ಅದನ್ನು ಸರಿಪಡಿಸಬೇಕು ಎಂದೂ ಅವನೇ ಹೇಳುತ್ತಾನೆ. ಹಾಗಾದರೆ ಬ್ರಿಟಿಷರ ಕಾಲದ ವರ್ಗ ಜಮೀನು, ಅದಕ್ಕೂ ಹಿಂದೆ ಅಜಿಲ, ಬಂಗ, ಚೌಟ ಅರಸರ ಕಾಲದ ಉಂಬಳಿ, ಅದಕ್ಕೂ ಹಿಂದೆ ಕಾಡು ಕಡಿದು ಗದ್ದೆ ಮಾಡಿದ ಕೈ, ಇಷ್ಟನ್ನೂ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕಾಯಿತು. ಎಲ್ಲಿ ನಿಲ್ಲಿಸುವುದು? 1971ರಲ್ಲಿ ಪುಸ್ತಕ ಬರೆದ ಜಾನ್ ರಾಲ್ಸ್, ಹಿಂದಕ್ಕೆ ಹುಡುಕುವ ಬದಲು ವ್ಯವಸ್ಥೆಯನ್ನೇ ನೋಡಿ ಎನ್ನುತ್ತಾನೆ. ಇರುವ ಅಸಮಾನತೆಯಿಂದ ಅತ್ಯಂತ ಕೆಳಗಿರುವವನ ಬದುಕು ಮೇಲಾಗುತ್ತದೆಯೇ ಎನ್ನುವುದು ಅವನ ಒಂದು ಒರೆಗಲ್ಲು.

ಅತ್ಯಂತ ಕೆಳಗಿರುವವನು ಯಾರು ಎನ್ನುವಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಉಳುವವನೇ ಒಡೆಯ ಎಂದಾಗ 'ಉಳುವವನು' ಯಾರು? ಸ್ವಂತ ಸಾಗುವಳಿ ಎಂದರೆ ಕೂಲಿಯಾಳುಗಳನ್ನಿಟ್ಟು ತಾನು ಮೇಲ್ವಿಚಾರಣೆ ಮಾಡುವುದೂ ಸೇರುತ್ತದೆ ಎನ್ನುತ್ತದೆ ಕಾಯ್ದೆ. ಗೇಣಿಗೆ ಹಿಡಿದವನಿಗೆ ಗದ್ದೆ ಸಿಕ್ಕಿತು. ಅವನ ಗದ್ದೆಯಲ್ಲಿ ನಿಜವಾಗಿ ನೇಗಿಲು ಹಿಡಿದ, ನೇಜಿ ನೆಟ್ಟ ಭೂಹೀನ ಕೂಲಿಯವರಿಗೆ ಹೆಚ್ಚೆಂದರೆ ವಾಸದ ಮನೆಯ ಜಾಗದ ಹಕ್ಕು ಸಿಕ್ಕಿತು. ಲಾಕ್‌ನ ಮಾತು ನಿಜವಾದರೆ ಯಾರ ಬೆವರು ಯಾರ ಹೆಸರಿಗೆ ಜಮೆಯಾಯಿತು? ಭೂಸುಧಾರಣೆ ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ ನ್ಯಾಯದ ಕೆಲಸ ಎಂದು ನಾನು ನಂಬಿದ್ದೇನೆ. ಆ ನಂಬಿಕೆ ಈ ಪ್ರಶ್ನೆಯನ್ನು ಕೇಳಬೇಡ ಎನ್ನುವುದಿಲ್ಲ.

ರಾಲ್ಸ್‌ನ ಇನ್ನೊಂದು ಕಲ್ಪನೆಗೆ ಹೋಗುವ ಅರ್ಧ ದಾರಿ ಯಕ್ಷಗಾನ ನೋಡಿದವರಿಗೆ ಮೊದಲೇ ಗೊತ್ತು. ತೆರೆಯ ಹಿಂದೆ ನಿಂತಿದ್ದೀರಿ ಎಂದುಕೊಳ್ಳಿ. ತೆರೆ ಸರಿದಾಗ ನಿಮ್ಮದು ಯಾವ ವೇಷ ಎಂದು ನಿಮಗೇ ಗೊತ್ತಿಲ್ಲ. ರಾಜನೋ ದೂತನೋ, ಗಂಡೋ ಹೆಣ್ಣೋ, ಧಣಿಯೋ ಒಕ್ಕಲೋ. ಆ ಸ್ಥಿತಿಯಲ್ಲಿ ಆಟದ ನಿಯಮ ಮಾಡಿ ಎಂದರೆ ಎಂಥ ನಿಯಮ ಮಾಡುತ್ತೀರಿ? ಯಾವ ವೇಷ ಬಂದರೂ ಬದುಕಬಹುದಾದಂಥದ್ದನ್ನೇ ಮಾಡುತ್ತೀರಿ. ಇದಕ್ಕೆ ಅವನು ಅಜ್ಞಾನದ ತೆರೆ ಎಂದು ಹೆಸರಿಟ್ಟ.

ಇದನ್ನು ನೇತ್ರಾವತಿಯ ಮೇಲೆ ಪ್ರಯೋಗಿಸಿ ನೋಡೋಣ. ಬೆಳ್ತಂಗಡಿ ಕಡೆಯ ಬೆಟ್ಟಗಳಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಪೇಟೆಯನ್ನು ತಾಗಿ ಹೋಗುವ ನದಿ. ಮಳೆಗಾಲದಲ್ಲಿ ಪೇಟೆಗೆ ನೀರು ನುಗ್ಗಿದ ಕಥೆಗಳನ್ನು ಅಜ್ಜಿಯರಿಂದ ಕೇಳಿದ್ದೀರಿ. ಅದೇ ನದಿಗೆ ಸೇರುವ ಹೊಳೆಗಳ ನೀರನ್ನು ಸಕಲೇಶಪುರದ ಘಟ್ಟದಲ್ಲೇ ಹಿಡಿದು ಕೋಲಾರ, ಚಿಕ್ಕಬಳ್ಳಾಪುರದತ್ತ ಒಯ್ಯುವ ಯೋಜನೆ ಎತ್ತಿನಹೊಳೆ. 24 ಟಿಎಂಸಿ ನೀರು ಎಂದು ಲೆಕ್ಕ. ನಮ್ಮ ತರಗತಿಯಲ್ಲಿ ಇದರ ಪರವಾಗಿ ಕೈ ಎತ್ತುವವರು ಯಾರೂ ಇಲ್ಲ. ನಾನೂ ಇದೇ ನೀರು ಕುಡಿದು ಬೆಳೆದವನು, ನನ್ನ ಮನಸ್ಸೂ ಅತ್ತಲೇ ಎಳೆಯುತ್ತದೆ. ಹಾಗಾಗಿಯೇ ಈ ಪ್ರಶ್ನೆ ನಮಗೆ ಒಳ್ಳೆಯ ಅಭ್ಯಾಸ. ತೆರೆಯ ಹಿಂದೆ ನಿಂತವನಿಗೆ ತಾನು ಪಾಣೆಮಂಗಳೂರಿನಲ್ಲಿ ಹುಟ್ಟುತ್ತೇನೋ, ಸಾವಿರ ಅಡಿ ಕೊರೆದರೂ ನೀರು ಬಾರದ, ಬಂದರೂ ಫ್ಲೋರೈಡ್ ತುಂಬಿದ ಊರಿನಲ್ಲಿ ಹುಟ್ಟುತ್ತೇನೋ ಗೊತ್ತಿಲ್ಲ. ಅವನು ಏನು ಹೇಳುತ್ತಾನೆ? ಕೂಡಲೇ ಯೋಜನೆಗೆ ಒಪ್ಪುತ್ತಾನೆ ಎಂದಲ್ಲ. ಬಯಲುಸೀಮೆಯ ಕೆರೆಗಳ ಹೂಳು ಮೊದಲು ತೆಗೆಯಿರಿ ಎನ್ನಬಹುದು, ಅಷ್ಟು ನೀರು ನಿಜವಾಗಿ ಸಿಗುತ್ತದೆಯೇ ಎಂದು ಲೆಕ್ಕ ಕೇಳಬಹುದು. ಆದರೆ "ನಮ್ಮ ನದಿ, ನಮ್ಮ ನೀರು" ಎಂಬ ಒಂದು ಮಾತು ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ, ಯಾಕೆಂದರೆ ಆ 'ನಾವು' ಯಾರೆಂದು ಅವನಿಗೆ ಇನ್ನೂ ಗೊತ್ತಾಗಿಲ್ಲ.

ಇಲ್ಲಿ ಒಬ್ಬಳು ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ತೆರೆಯ ಹಿಂದೆ ಮನುಷ್ಯರು ಮಾತ್ರ ಯಾಕೆ ನಿಂತಿದ್ದಾರೆ ಎಂದು ಕೇಳಿದಳು. ಮೀನು? ಘಟ್ಟದ ಕಾಡು? ಅವಳು ಜೈನರ ಮನೆಯವಳು, ನೀರನ್ನೇ ಶರೀರ ಮಾಡಿಕೊಂಡ ಏಕೇಂದ್ರಿಯ ಜೀವಗಳಿವೆ ಎಂದು ಮನೆಯಲ್ಲಿ ಕೇಳಿ ಬಂದವಳು. ರಾಲ್ಸ್‌ನ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಇಲ್ಲ. ಆದರೆ ನಮ್ಮ ವೇಣೂರಿನಲ್ಲಿ 1604ರಲ್ಲಿ ಅರಸ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಬಾಹುಬಲಿಯ ಕಾಲಿಗೆ ಬಳ್ಳಿ ಹಬ್ಬಿದೆ. ಗೆದ್ದ ರಾಜ್ಯವನ್ನು ಬಿಟ್ಟು ನಿಂತವನು ತನ್ನ ಮೈಮೇಲೆ ಹಬ್ಬಿದ ಬಳ್ಳಿಯನ್ನೂ ಕೊಡವಲಿಲ್ಲ. ರಾಜ್ಯ ಆಳುತ್ತಿದ್ದವರೊಬ್ಬರು ರಾಜ್ಯ ಬಿಟ್ಟವನನ್ನು ಊರಿನಲ್ಲಿ ಕೆತ್ತಿಸಿ ಇಟ್ಟರು ಎನ್ನುವುದೂ ರಾಜಕೀಯ ಚಿಂತನೆಯೇ. ಅವಳ ಪ್ರಶ್ನೆಗೆ ಉತ್ತರವನ್ನು ಅಲ್ಲಿಂದ ಹುಡುಕತೊಡಗು ಎಂದೆ. ಇನ್ನೂ ಹುಡುಕುತ್ತಿದ್ದಾಳೆ.

ನಿಮ್ಮ ಮೊದಲ ಬರವಣಿಗೆ ಹೀಗಿರಲಿ. ಗೇಣಿಯ ಗದ್ದೆ, ಮೂಡುಬಿದಿರೆಯ ಓಲೆ, ಎತ್ತಿನಹೊಳೆ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ನಿಮ್ಮ ಮನೆಯವರ ನಿಲುವು ಯಾವುದೋ ಅದಕ್ಕೆ ಎದುರಾದ ಪಕ್ಷವನ್ನು ಎರಡು ಪುಟ ಬರೆಯಿರಿ. ಬರೆದದ್ದನ್ನು ಆ ಪಕ್ಷದವರೊಬ್ಬರಿಗೆ ಓದಿ ಹೇಳಿ. ಗದ್ದೆಯ ವಿಷಯವಾದರೆ ಹುಡುಕಲು ಕಷ್ಟವಿಲ್ಲ, ಬೇಲಿಯ ಆಚೆ ಇರುತ್ತಾರೆ. "ಹೌದು, ನಾನು ಹೇಳಬೇಕಾದ್ದು ಇದನ್ನೇ" ಎಂದು ಅವರು ಹೇಳುವವರೆಗೆ ತಿದ್ದಿ. ಎರಡು ಸಲ, ಮೂರು ಸಲ ಆದರೂ ಬೇಸರ ಬೇಡ. ನಿಮ್ಮ ಸ್ವಂತ ಅಭಿಪ್ರಾಯಕ್ಕೆ ಮೂರನೆಯ ಪುಟದಿಂದ ಜಾಗ ಇದೆ.